‘ನನಗೆ ಯಾರೂ ದಾಖಲೆ ಕೇಳಲಿಲ್ಲ’

(ಸಕಲೇಶಪುರದ ಹೆಗ್ಗದ್ದೆ ಕಡೆಯ ಕಾಫಿ ತೋಟದ ಸಿಲ್ವರ್ ಮರದೊಡನೆ ಕಾಲ್ಪನಿಕ ಸಂದರ್ಶನ)

ಪ್ರಶ್ನೆ: ಆಸ್ಟ್ರೇಲಿಯಾ ಬಿಟ್ಟು ಬಂದು ತಲೆಮಾರುಗಳೇ ಕಳೆದವು. ಹೊಂದಿಕೊಂಡಿರಾ?

ಸಿಲ್ವರ್: ದೊಡ್ಡ ಕಷ್ಟವೇನಿಲ್ಲ, ಕಾಡುವುದೆಲ್ಲ ಸಣ್ಣಪುಟ್ಟದ್ದೇ. ಕ್ವೀನ್ಸ್‌ಲ್ಯಾಂಡಿನ ನಮ್ಮವರು ಅಕ್ಟೋಬರಿನ ಹೊತ್ತಿಗೆ ಹೂ ಬಿಡುತ್ತಾರೆ, ಇಲ್ಲಿ ನಾನು ಮಾರ್ಚಿನ ಹೊತ್ತಿಗೆ. ಅಲ್ಲಿ ಮೈಮೇಲೆ ಮೆಣಸಿನ ಬಳ್ಳಿ ಹಬ್ಬಿಸುವವರಿರಲಿಲ್ಲ, ಮರಗಸಿ ಎಂದು ಕೈಕಾಲು ಕತ್ತರಿಸುವವರೂ ಇರಲಿಲ್ಲ. ಅದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ‘ಪರದೇಶಿ ಮರ’ ಎಂಬ ಬೈಗುಳ. ಬೈಯುವವರು ಹೀರುವ ಕಾಫಿ ಇಥಿಯೋಪಿಯಾದ್ದು. ಅದನ್ನು ಬಾಬಾಬುಡನ್ ತಂದರೆಂದು ಭಕ್ತಿಯಿಂದ ಹೇಳುತ್ತೀರಿ. ಹಾಸನದ ಹೆಮ್ಮೆಯ ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಆಲೂಗಡ್ಡೆಗೆ ಯಾರಾದರೂ ಪರದೇಶಿ ಅಂದಿದ್ದಾರೆಯೇ?

ಪ್ರಶ್ನೆ: ಅದಿರಲಿ. ನಿಮಗೆ ಜಾಗ ಬಿಟ್ಟು ಅತ್ತಿ, ಬಸರಿ, ಗೋಳಿ ಹೋದರೆ ಮಂಗಟ್ಟೆ ಹಕ್ಕಿ ಏನು ತಿನ್ನಬೇಕು? ನಿಮ್ಮಲ್ಲಿ ಹಣ್ಣಿಲ್ಲ, ಉದುರಿದ ಎಲೆ ಬೇಗ ಕೊಳೆಯುವುದೂ ಇಲ್ಲ. ಅತ್ತಿ ಮರವೆಂದರೆ...

ಸಿಲ್ವರ್: ಆಲೂಗಡ್ಡೆ ವಿಷಯ ಇನ್ನೂ ಮುಗಿದಿಲ್ಲ.

ಪ್ರಶ್ನೆ: ಅತ್ತಿಯ ವಿಷಯವೂ ಮುಗಿದಿಲ್ಲ. ಅದರ ಜಾಗಕ್ಕೆ ನೀವು ಬಂದದ್ದು ನಿಜವಲ್ಲವೇ?

ಸಿಲ್ವರ್: ನಾನಾಗಿ ಬರಲಿಲ್ಲ, ಕರೆತಂದು ನೆಟ್ಟರು. ಕಾರಣ ನನ್ನ ಗುಣವಲ್ಲ, ನಿಮ್ಮ ಅನುಕೂಲ. ನೆಟ್ಟಗೆ ಬೇಗ ಬೆಳೆಯುತ್ತೇನೆ, ಬಳ್ಳಿಗೆ ಆಸರೆಯಾಗುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನನ್ನನ್ನು ಕಡಿಯಲು ಅನುಮತಿ ಬೇಡವೆನ್ನುತ್ತದೆ. ಬೀಟೆ, ಹೊನ್ನೆ ಕಡಿಯಬೇಕಾದರೆ ಅರ್ಜಿ ಹಿಡಿದು ಕಚೇರಿ ಅಲೆಯಬೇಕು. ತಾನು ಬೆಳೆಸಿದ್ದು ತನಗೇ ದಕ್ಕದಿದ್ದರೆ ಕಾಡುಮರವನ್ನು ಯಾವ ಬೆಳೆಗಾರ ನೆಡುತ್ತಾನೆ? ನಿಯಮ ಸಡಿಲಿಸಿದರೆ ಕಾಡೇ ಲೂಟಿಯಾದೀತು ಎನ್ನುತ್ತೀರಿ. ಆ ಭಯ ಸುಳ್ಳಲ್ಲ. ಆದರೆ ಬೆಳೆಗಾರ ತಾನೇ ನೆಟ್ಟು ನೋಂದಾಯಿಸಿದ ಮರಕ್ಕಷ್ಟೇ ಸಡಿಲಿಕೆ ಕೊಟ್ಟರೆ ಹಳೆಯ ಮರಕ್ಕೆ ಕೊಡಲಿ ತಾಗಬೇಕಿಲ್ಲ. ಪರದೇಶಿ ಎಂಬ ಬೈಗುಳವೂ ನನಗೊಬ್ಬನಿಗೇ ಅಲ್ಲ, ನನ್ನ ಬುಡದಲ್ಲಿ ಮೆಣಸು ಕೊಯ್ಯುವವರನ್ನೂ ನೋಡಿ. ಅಸ್ಸಾಮಿನಿಂದ ಬಂದವರು. ಭಾಷೆ, ಊಟ, ಲೈನ್ ಮನೆ, ಎಲ್ಲಕ್ಕೂ ನನ್ನಂತೆಯೇ ಒಗ್ಗಿಕೊಂಡಿದ್ದಾರೆ. ಕೊಯ್ಲಿಗೆ ಅವರು ಬೇಕು. ಕೊಯ್ಲು ಮುಗಿದ ಮೇಲೆ, ಸ್ವಂತ ದೇಶದೊಳಗೇ, ‘ಯಾವ ದೇಶದವನು, ದಾಖಲೆ ತೋರಿಸು’ ಎಂಬ ಮಾತು! ಸಮುದ್ರ ದಾಟಿ ಬಂದ ನನ್ನನ್ನು ಯಾರೂ ದಾಖಲೆ ಕೇಳಲಿಲ್ಲ. ನಾಚಿಕೆಯಾಗಬೇಕು.

ಪ್ರಶ್ನೆ: ಇದಕ್ಕೆ ಅತ್ತಿ ಮರವನ್ನು ಅಡ್ಡ ತರಲಾರೆ. ಬಂದವರು ಹೊಂದಿಕೊಳ್ಳಲಿಲ್ಲ ಎಂಬ ದೂರು ಹೆಚ್ಚಿನ ಪಾಲು ಸುಳ್ಳು. ಅವರು ಹೊಂದಿಕೊಂಡೇ ಇರುತ್ತಾರೆ. ಲಾಭವಿರುವಷ್ಟು ದಿನ ಮಾತ್ರ ನಾವು ಹೊಂದಿಕೊಳ್ಳುತ್ತೇವೆ. ಕಾಡುಮರ ನೆಟ್ಟವನಿಗೆ ಸಿಲ್ವರ್ ನೆಟ್ಟವನಷ್ಟೇ ಹಕ್ಕು ಸಿಗಲಿ. ಕೊಯ್ಲಿಗೆ ಬಂದವನಿಗೆ ಸಿಲ್ವರ್ ಮರಕ್ಕೆ ಸಿಕ್ಕಷ್ಟಾದರೂ ಮರ್ಯಾದೆ ಸಿಗಲಿ. ಎರಡೂ ಆಗಬೇಕಾದದ್ದು ನಮ್ಮಿಂದ.