ಸ್ಟ್ರೆಚರ್ ಹೊತ್ತ ಬಾಪೂಗೆ ಒಂದು ಬಹಿರಂಗ ಪತ್ರ

ಪೂಜ್ಯ ಬಾಪೂ ಅವರಿಗೆ,



ಬಹಿರಂಗ ಪತ್ರ ನಿಮಗೆ ಹೊಸದಲ್ಲ. 1928ರಲ್ಲಿ ಹಾಲೆಂಡಿನ ಬಾರ್ಟ್ ದ ಲಿಗ್ಟ್ ಎಂಬ ಶಾಂತಿವಾದಿ, ಒಂದು ಕಾಲಕ್ಕೆ ಚರ್ಚಿನ ಪಾದ್ರಿಯಾಗಿದ್ದವರು, ನಿಮಗೆ ಅಂಥದೊಂದು ಪತ್ರ ಬರೆದಿದ್ದರು. ಅಹಿಂಸೆಯೇ ಪರಮಧರ್ಮ ಎನ್ನುವ ನೀವು ಬ್ರಿಟಿಷರ ಯುದ್ಧಗಳಿಗೆ ಮತ್ತೆ ಮತ್ತೆ ಹೆಗಲು ಕೊಟ್ಟದ್ದು ಹೇಗೆ ಎಂಬುದು ಅವರ ಪ್ರಶ್ನೆ. ನೀವು ‘ಯಂಗ್ ಇಂಡಿಯಾ’ದಲ್ಲಿ ಉತ್ತರ ಕೊಟ್ಟಿರಿ. ಅದರಲ್ಲಿ ಒಂದು ಕಡೆ, ಆಯುಧ ಹಿಡಿದವರಿಗೂ ರೆಡ್‌ಕ್ರಾಸ್ ಕೆಲಸ ಮಾಡುವವರಿಗೂ ನಾನು ಭೇದ ಎಣಿಸುವುದಿಲ್ಲ, ಯುದ್ಧದ ಪಾಪದಲ್ಲಿ ಇಬ್ಬರೂ ಪಾಲುಗಾರರು ಎಂಬ ಅರ್ಥದ ಮಾತು ಬರುತ್ತದೆ.

ಆ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಒಪ್ಪದ ಇನ್ನರ್ಧಕ್ಕೆ ನಿಮ್ಮ ಬದುಕಿನಿಂದಲೇ ಸಾಕ್ಷಿ ತರುತ್ತೇನೆ.

1899ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಬೋಅರರಿಗೂ ಯುದ್ಧ ಶುರುವಾದಾಗ ನಿಮ್ಮ ಮನಸ್ಸು ಬೋಅರರ ಕಡೆಗೇ ಇತ್ತು ಎಂದು ನೀವೇ ಬರೆದಿದ್ದೀರಿ. ಆದರೂ ಬ್ರಿಟಿಷ್ ಪ್ರಜೆಯೆಂದು ಹಕ್ಕು ಕೇಳುವವನು ಕರ್ತವ್ಯವನ್ನೂ ಮಾಡಬೇಕು ಎಂದು ಆಂಬುಲೆನ್ಸ್ ಪಡೆ ಕಟ್ಟಿದಿರಿ. ಸುಮಾರು 1,100 ಜನ. ಬಹುಪಾಲು ಕರಾರಿನ ಮೇಲೆ ದುಡಿಯುತ್ತಿದ್ದ ಬಡ ಕೂಲಿಗಳು. ಮಿಶನ್ ಆಸ್ಪತ್ರೆಯ ಡಾಕ್ಟರ್ ಬೂತ್ ಗಾಯಾಳುಗಳ ಆರೈಕೆ ಹೇಳಿಕೊಟ್ಟರು. ಗುಂಡು ಬೀಳುವ ಜಾಗಕ್ಕೆ ನಿಮ್ಮ ಪಡೆ ಹೋಗಬೇಕಾಗಿರಲಿಲ್ಲ. ಆದರೆ 1900ರ ಜನವರಿಯಲ್ಲಿ ಸ್ಪಿಯಾನ್ ಕಾಪ್ ಗುಡ್ಡದಲ್ಲಿ ಬ್ರಿಟಿಷರು ಏಟು ತಿಂದಾಗ, ಒಳಗೆ ಬಂದು ಗಾಯಾಳುಗಳನ್ನು ಎತ್ತಿದರೆ ಉಪಕಾರವಾದೀತು ಎಂದು ಜನರಲ್ ಬುಲರ್ ಹೇಳಿಕಳಿಸಿದ. ನೀವು ಹಿಂದೆಮುಂದೆ ನೋಡದೆ ಹೋದಿರಿ. ಸ್ಟ್ರೆಚರ್ ಹೊತ್ತು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಮೈಲಿ ನಡೆದಿರಿ. ಕಾದಾಡುತ್ತಿದ್ದ ಎರಡೂ ಕಡೆಯವರು ಒಂದೇ ಬೈಬಲ್ ಓದಿ ಒಬ್ಬನೇ ದೇವರಿಗೆ ಮೊರೆಯಿಡುತ್ತಿದ್ದರು. ನಡುವೆ ನಡೆದವರು ಹಿಂದೂಗಳು, ಮುಸಲ್ಮಾನರು, ಭಾರತೀಯ ಕ್ರೈಸ್ತರು. ಧೈರ್ಯದ ವಿಷಯದಲ್ಲಿ ಯಾರ ತಕರಾರೂ ಇರಲಾರದು. ಆದರೆ ಆ ಸ್ಟ್ರೆಚರ್‌ಗಳು ಸಾಮ್ರಾಜ್ಯದವು. ಅದಕ್ಕೇ ಅವಕ್ಕೆ ಪದಕ ಸಿಕ್ಕಿತು.

1906ರ ಕತೆ ಬೇರೆ. ನತಾಲಿನ ಸರ್ಕಾರ ಜುಲುಗಳ ಮೇಲೆ ತಲೆಗಂದಾಯ ಹೇರಿತು, ಅವರು ತಿರುಗಿಬಿದ್ದರು. ಆಗಲೂ ನೀವು ಸರ್ಕಾರದ ಪರವಾಗಿಯೇ ಒಂದು ಚಿಕ್ಕ ಪಡೆ ಕಟ್ಟಿಕೊಂಡು ಸಾರ್ಜೆಂಟ್ ಮೇಜರ್ ಸಮವಸ್ತ್ರದಲ್ಲಿ ಹೊರಟಿರಿ. ಹೋಗಿ ನೋಡಿದರೆ ಅಲ್ಲಿ ಯುದ್ಧವೇ ಇರಲಿಲ್ಲ. ನಿಮ್ಮ ಪಾಲಿಗೆ ಬಂದ ಜುಲುಗಳಲ್ಲಿ ಬಹಳ ಮಂದಿ ರಣರಂಗದಲ್ಲಿ ಗಾಯಗೊಂಡವರಲ್ಲ, ಅನುಮಾನದ ಮೇಲೆ ಹಿಡಿದು ಚಾಟಿಯಲ್ಲಿ ಹೊಡೆಸಿಕೊಂಡವರು. ಬೆನ್ನಿನ ಗಾಯಗಳಿಗೆ ದಿನಗಟ್ಟಲೆ ಯಾರೂ ಕೈ ಹಚ್ಚದೆ ಅವು ಕೊಳೆತು ನಾರುತ್ತಿದ್ದವು. ಬಿಳಿಯರಿಗೆ ಅವರ ಆರೈಕೆ ಮಾಡುವ ಮನಸ್ಸಿರಲಿಲ್ಲ. ನಿಮ್ಮ ಜನ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರೆ ಬಿಳಿಯ ಸಿಪಾಯಿಗಳು ಬೇಲಿಯಾಚೆ ನಿಂತು ಇಣುಕುತ್ತಿದ್ದರು, ಬಿಟ್ಟುಬಿಡಿ ಎನ್ನುತ್ತಿದ್ದರು, ಕೇಳದಿದ್ದಾಗ ಜುಲುಗಳನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಆ ಗಾಯಾಳುಗಳ ಭಾಷೆ ನಿಮಗೆ ಬರುತ್ತಿರಲಿಲ್ಲ. ದೇವರೇ ನಿಮ್ಮನ್ನು ಕಳಿಸಿದನೆಂದು ಅವರಿಗೆ ಅನಿಸಿದ್ದು ಅವರ ಕೈಸನ್ನೆಯಲ್ಲಿ, ಕಣ್ಣಿನಲ್ಲಿ ನಿಮಗೆ ಕಂಡಿತು.

ಆ ಗುಡ್ಡಗಳಲ್ಲಿ ಸ್ಟ್ರೆಚರ್ ಹೊತ್ತು ನಡೆಯುವಾಗಲೇ ನಿಮ್ಮ ಬ್ರಹ್ಮಚರ್ಯದ ನಿರ್ಧಾರ ಗಟ್ಟಿಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸತ್ಯಾಗ್ರಹದ ಪ್ರತಿಜ್ಞೆಯೂ ಆಯಿತು. ಬಾಪೂ, ನಿಮ್ಮ ಧರ್ಮಗ್ರಂಥಗಳ ಓದು ಎಷ್ಟೇ ದೊಡ್ಡದಿರಲಿ, ನಿಮ್ಮ ಅಹಿಂಸೆಗೆ ಮೈ ಬಂದದ್ದು ಆ ಕೊಳೆತ ಬೆನ್ನುಗಳನ್ನು ತೊಳೆಯುವಾಗ ಎಂದು ನಾನು ನಂಬಿದ್ದೇನೆ.

ಹಾಗಿದ್ದೂ ನೀವು ಮತ್ತೆ ಹಳೆಯ ದಾರಿ ಹಿಡಿದಿರಿ. 1914ರ ಆಗಸ್ಟಿನಲ್ಲಿ ಲಂಡನ್ ತಲುಪಿದವರೇ ಇನ್ನೊಂದು ಆಂಬುಲೆನ್ಸ್ ಪಡೆಗೆ ಕೈ ಹಾಕಿದಿರಿ. ಇದು ಅಹಿಂಸೆಗೆ ಹೊಂದುತ್ತದೆಯೇ ಎಂದು ದಕ್ಷಿಣ ಆಫ್ರಿಕದ ಗೆಳೆಯರು ತಂತಿ ಕಳಿಸಿ ಕೇಳಿದರು. 1918ರಲ್ಲಿ ಖೇಡಾದ ಹಳ್ಳಿಹಳ್ಳಿಗೆ ಹೋಗಿ ಸೈನ್ಯಕ್ಕೆ ಸೇರಿ ಎಂದಿರಿ. ಕೆಲವೇ ತಿಂಗಳ ಹಿಂದೆ, ಕಂದಾಯದ ಸತ್ಯಾಗ್ರಹದ ಹೊತ್ತಿಗೆ, ನಿಮಗೆ ಬಿಟ್ಟಿಯಾಗಿ ಗಾಡಿ ಕಟ್ಟಿಕೊಟ್ಟ ರೈತರು ಈಗ ಬಾಡಿಗೆಗೂ ಗಾಡಿ ಕೊಡಲಿಲ್ಲ. ಅಹಿಂಸೆ ಹೇಳುವ ನೀವೇ ಆಯುಧ ಹಿಡಿಯಿರಿ ಎನ್ನುವುದೇ ಎಂದು ಕೇಳಿದರು. ಆ ರೈತರು ಸರಿಯಾಗಿಯೇ ಕೇಳಿದ್ದರು. ಅವರ ಮುಂದೆ ನೀವು ಸೋತದ್ದು ದೇಶದ ಭಾಗ್ಯ ಎಂದು ನಾನು ಹೇಳುತ್ತೇನೆ.

ರಾಜನಿಷ್ಠೆಗಾಗಿ ಹೊತ್ತ ಸ್ಟ್ರೆಚರ್ ನಿಮ್ಮನ್ನು ಸೈನ್ಯದ ಭರ್ತಿಯವರೆಗೆ ಕರೆದೊಯ್ದಿತು. ಗಾಯಾಳುವಿಗಾಗಿ ಹೊತ್ತದ್ದು ಸತ್ಯಾಗ್ರಹಕ್ಕೆ ತಂದು ಬಿಟ್ಟಿತು. ಹೆಗಲು ಒಂದೇ, ಹೊರೆಯೂ ಒಂದೇ. ನೀವು 1928ರಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನಗೆ ಒಪ್ಪಿಗೆಯಿಲ್ಲ.

ಒಪ್ಪುವ ಅರ್ಧವನ್ನೂ ಹೇಳಿಬಿಡುತ್ತೇನೆ. ಸೈನ್ಯದ ವೈದ್ಯ ವಾಸಿ ಮಾಡಿದ ಸಿಪಾಯಿ ಮತ್ತೆ ಕಂದಕಕ್ಕೇ ಹೋಗುತ್ತಾನೆ, ಮತ್ತೆ ಗುಂಡು ಹಾರಿಸುತ್ತಾನೆ. ಬಿಳಿ ಕೋಟು ತೊಟ್ಟ ಮಾತ್ರಕ್ಕೆ ಆ ಲೆಕ್ಕದಿಂದ ಯಾರೂ ಹೊರಗುಳಿಯುವುದಿಲ್ಲ. ತನ್ನವರ ಗಾಯಕ್ಕೆ ಮಾತ್ರ ಔಷಧಿ ಹಚ್ಚುವ ವೈದ್ಯ ಯುದ್ಧದ ಒಂದು ಅಂಗ, ಇಷ್ಟು ನಿಜ. ಆದರೆ 1864ರ ಜಿನೀವಾ ಒಪ್ಪಂದ ಹೇಳಿದ್ದು ಬೇರೆ: ಗಾಯಗೊಂಡ ಸೈನಿಕ ಯಾವ ದೇಶದವನೇ ಆಗಲಿ, ಅವನನ್ನು ಎತ್ತಿ ತಂದು ಆರೈಕೆ ಮಾಡಬೇಕು. ವೈರಿಯ ಗಾಯ ತೊಳೆಯುವ ಕೈಯನ್ನು ವೈರಿಯನ್ನು ಕೊಲ್ಲುವ ಕೈಯ ಜತೆ ಸೇರಿಸುವುದು ಅನ್ಯಾಯ.

ಆ ಕೈ ಎಂಥದೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? 1909ರ ‘ಹಿಂದ್ ಸ್ವರಾಜ್’ನಲ್ಲಿ ಆಸ್ಪತ್ರೆಗಳು ಪಾಪವನ್ನು ಬೆಳೆಸುವ ಜಾಗಗಳೆಂದು ಬರೆದವರು ನೀವು. 1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದಿರಿ. ರಾಜದ್ರೋಹಕ್ಕೆ ಆರು ವರ್ಷದ ಶಿಕ್ಷೆಯಾದ ಕೈದಿ ನೀವು. ಅಪೆಂಡಿಕ್ಸ್ ತೆಗೆದವರು ಬ್ರಿಟಿಷ್ ಸರ್ಜನ್ ಕರ್ನಲ್ ಮ್ಯಾಡಕ್. ಶಸ್ತ್ರಚಿಕಿತ್ಸೆಯ ನಡುವೆ ಕರೆಂಟು ಹೋಗಿ, ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಬೇಕಾಯಿತು. ಸಾಮ್ರಾಜ್ಯದ ಕಣ್ಣಿಗೆ ಅವತ್ತು ವೈರಿ ನೀವೇ. ಮ್ಯಾಡಕ್ ನಿಮ್ಮನ್ನು ರೋಗಿಯೆಂದಷ್ಟೇ ಕಂಡರು. ಭೇದವಿಲ್ಲ ಎಂದು ಬರೆಯುವಾಗ ಆ ಲಾಟೀನು ನಿಮಗೆ ನೆನಪಾಗಬೇಕಿತ್ತು.

ಇಷ್ಟು ಹಟದಿಂದ ಬರೆಯಲು ಕಾರಣವಿದೆ. ನೀವು ಆತ್ಮಶೋಧನೆಗಾಗಿ ಆಡಿದ ಮಾತನ್ನೇ ಇಂದು ಸೈನ್ಯಗಳು ಬಾಂಬು ಹಾಕಲು ಆಡುತ್ತಿವೆ: ವೈರಿಗೆ ಚಿಕಿತ್ಸೆ ಕೊಡುವವನೂ ವೈರಿಯೇ. 2015ರ ಅಕ್ಟೋಬರ್ 3ರಂದು ಆಫ್ಘಾನಿಸ್ತಾನದ ಕುಂದೂಜ್‌ನಲ್ಲಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿತು. ರೋಗಿಗಳು, ವೈದ್ಯರು, ಸಿಬ್ಬಂದಿ ಸೇರಿ 42 ಜನ ಸತ್ತರು. ಸರ್ಕಾರದ ಸಿಪಾಯಿಗೂ ತಾಲಿಬಾನಿಗೂ ಅಲ್ಲಿ ಒಂದೇ ಸೂರಿನಡಿ ಚಿಕಿತ್ಸೆ ನಡೆಯುತ್ತಿತ್ತು. ಅಮೆರಿಕ ಇದು ತಪ್ಪಿನಿಂದ ಆದದ್ದು ಎಂದಿತು. ಆದರೆ ಅಲ್ಲಿ ತಾಲಿಬಾನಿಗಳಿದ್ದರು ಎಂದು ಸಮರ್ಥಿಸಿಕೊಂಡ ಆಫ್ಘನ್ ಅಧಿಕಾರಿಗಳೂ ಇದ್ದರು. ಮರುವರ್ಷ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳ ಮೇಲಿನ ದಾಳಿಯನ್ನು ಖಂಡಿಸಿ ನಿರ್ಣಯ ಮಾಡಿತು. ದಾಳಿಗಳು ನಿಲ್ಲಲಿಲ್ಲ.

ಬೇಲಿಯಾಚೆ ನಿಂತು ಬಯ್ಯುತ್ತಿದ್ದ ಆ ಸಿಪಾಯಿಗಳ ಕೈಯಲ್ಲಿ ಈಗ ವಿಮಾನಗಳಿವೆ, ಬಾಪೂ. ನಿಮ್ಮ ಅಧಿಕಾರವಾಣಿಯ ಒಂದು ಎಳೆಯೂ ಅವರಿಗೆ ಸಿಗಕೂಡದು.

ನಮ್ಮ ಭೂಸೇನೆಯ ವೈದ್ಯಕೀಯ ದಳದ ಧ್ಯೇಯವಾಕ್ಯ, ಎಲ್ಲರೂ ರೋಗವಿಲ್ಲದೆ ಇರಲಿ ಎಂಬ ಹಳೆಯ ಪ್ರಾರ್ಥನೆಯಿಂದ ಬಂದದ್ದು. ಆ ಪ್ರಾರ್ಥನೆ ವೈರಿಯನ್ನು ಹೊರಗಿಟ್ಟಿಲ್ಲ. ಈ ಪತ್ರ ಓದುವವರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿದ್ದರೆ, ಸೈನ್ಯಕ್ಕೆ ಸೇರಲಿರುವ ಡಾಕ್ಟರುಗಳಿದ್ದರೆ, ಅವರಲ್ಲಿ ನನ್ನ ಕೋರಿಕೆ ಇಷ್ಟು: ಗಾಂಧೀಜಿಯವರ ಆತ್ಮಕಥೆಯ ನಾಲ್ಕನೆಯ ಭಾಗದಲ್ಲಿರುವ ಜುಲು ದಂಗೆಯ ಅಧ್ಯಾಯವನ್ನು ಓದಿ. ಮೂರು ನಾಲ್ಕು ಪುಟ ಅಷ್ಟೆ. ಕೆಲಸಕ್ಕೆ ಸೇರುವ ಮೊದಲೇ ಓದಿ.

ಇತಿ,
ನಿಮ್ಮನ್ನು ಗೌರವಿಸುವ, ಈ ಒಂದು ಮಾತನ್ನು ಒಪ್ಪದ ಓದುಗ