ಇಷ್ಟಾರಮ್ಮ, ಥರ್ಡ್ ಸ್ಟೇಜ್

ಹೊಸಕೆರೆಹಳ್ಳಿಯಲ್ಲಿ ಮನೆ ಮಾಡಿದವರಿಗೆ ದೇವಿಯರ ಕೊರತೆ ಇಲ್ಲ. ಪೂರ್ವಕ್ಕೆ ತಿರುಗಿದರೆ ಬನಶಂಕರಿ, ಪಶ್ಚಿಮಕ್ಕೆ ತಿರುಗಿದರೆ ರಾಜರಾಜೇಶ್ವರಿ. ವಿಳಾಸ ಬರೆಯುವಾಗ ನಾವು ಬನಶಂಕರಿ ಥರ್ಡ್ ಸ್ಟೇಜಿನವರು. ಕನಕಪುರ ರಸ್ತೆಯ ಗುಡಿಯನ್ನು ಬಾದಾಮಿಯ ಅಮ್ಮನ ಭಕ್ತರಾದ ಸೋಮಣ್ಣ ಶೆಟ್ಟಿ ಎಂಬುವರು ಕಟ್ಟಿಸಿದ್ದು 1915ರಲ್ಲಿ. ಆಮೇಲೆ ಅಮ್ಮನ ಹೆಸರು ಗುಡಿಯ ಹೊಸ್ತಿಲು ದಾಟಿ ಬಡಾವಣೆಗೆ ಬಂತು, ಬಸ್ ನಿಲ್ದಾಣಕ್ಕೆ ಬಂತು, 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ನಿಲ್ದಾಣಕ್ಕೂ ಏರಿತು. ಈಗ ಆ ಹೆಸರನ್ನು ಅತಿ ಹೆಚ್ಚು ಸಲ ಉಚ್ಚರಿಸುವವರು ಅರ್ಚಕರಲ್ಲ, ಆಟೊ ಚಾಲಕರು. ‘ಬನಶಂಕರಿ ಪೂರ್ತಿ ಜಾಮ್ ಸಾರ್, ಮೇಲೆ ಐವತ್ತು ಕೊಡಿ’ ಎಂಬುದೂ ಒಂದು ಬಗೆಯ ನಾಮಸ್ಮರಣೆ.

ಹೆಸರುಗಳ ಆಯುಸ್ಸೇ ಬೇರೆ. ನಮ್ಮೂರನ್ನೇ ನೋಡಿ. ಹೊಸಕೆರೆ ಯಾವ ಕಾಲಕ್ಕೆ ಹೊಸದಾಗಿತ್ತೋ ಹೇಳುವವರಿಲ್ಲ. ಕೆರೆಯ ನೀರನ್ನು ಕಣ್ಣು ಕಿರಿದು ಮಾಡಿ ಹುಡುಕಬೇಕು. ಬೋರ್ಡಿನ ಮೇಲೆ ಮಾತ್ರ ಅದು ಇನ್ನೂ ಹೊಸಕೆರೆಯೇ.

ಹೀಗೆ ಗುಡಿ ಬಿದ್ದುಹೋಗಿ ಹೆಸರು ಉಳಿದ ದೇವಿಯರ ಪೈಕಿ ಬಹಳ ಹಿರಿಯಳು ಇಷ್ಟಾರ್. ಇಂದಿನ ಇರಾಕಿನಲ್ಲಿರುವ ಉರುಕ್ ಎಂಬ ಊರಿನವಳು. ಸುಮೇರಿಯನ್ನರು ಇನಾನ್ನಾ ಎಂದರು, ಅಕ್ಕಾಡಿಯನ್ನರು ಇಷ್ಟಾರ್ ಎಂದರು. ಐದು ಸಾವಿರ ವರ್ಷದ ಹಿಂದೆಯೇ ಅವಳಿಗೆ ಅಲ್ಲಿ ದೊಡ್ಡ ದೇವಸ್ಥಾನವಿತ್ತು. ಅವಳ ಪ್ರಾಣಿ ಸಿಂಹ, ಗುರುತು ಎಂಟು ಮೂಲೆಯ ನಕ್ಷತ್ರ. ಪ್ರೇಮ ಮತ್ತು ಯುದ್ಧ, ಎರಡೂ ಖಾತೆ ಅವಳ ಕೈಯಲ್ಲೇ ಇದ್ದವು. ಸಂಸಾರಸ್ಥರಿಗೆ ಇದೇನೂ ವಿಚಿತ್ರ ಅನ್ನಿಸಲಾರದು.

ನಮ್ಮ ರಸ್ತೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಬೆಳಗಿನ ವಾಕಿಂಗಿನಲ್ಲಿ ಈ ಹೆಸರನ್ನು ಅವರ ಕಿವಿಗೆ ಹಾಕಿದ್ದೇ ತಡ, ‘ಇದರಲ್ಲಿ ಸಂಶೋಧನೆ ಏನು ಬಂತು? ಇಷ್ಟಾರ್ಥ ಕೊಡೋಳು ಇಷ್ಟಾರ್. ಕೊನೇ ಅಕ್ಷರ ದಾರೀಲಿ ಬಿದ್ದುಹೋಗಿದೆ, ಅಷ್ಟೇ’ ಎಂದುಬಿಟ್ಟರು. ಬಾಗ್ದಾದಿನಿಂದ ಬನಶಂಕರಿಯವರೆಗಿನ ರಸ್ತೆಯ ಗುಂಡಿಗಳನ್ನು ನೆನೆದರೆ ಒಂದು ಒತ್ತಕ್ಷರ ಬಿದ್ದುಹೋಗುವುದು ಅಸಂಭವವಲ್ಲ. ಆದರೆ ಅಕ್ಕಾಡಿಯನ್ ಭಾಷೆ ಅರಬ್ಬಿ, ಹೀಬ್ರೂಗಳ ಬಳಗದ್ದು. ಅದಕ್ಕೂ ಸಂಸ್ಕೃತಕ್ಕೂ ನೆಂಟಸ್ತಿಕೆ ಇಲ್ಲ. ಮೇಷ್ಟ್ರೊಬ್ಬರನ್ನೇ ಆಡಿಕೊಳ್ಳುವುದೂ ತಪ್ಪು. ಈಸ್ಟರ್ ಹಬ್ಬದ ಹೆಸರು ಇಷ್ಟಾರಳಿಂದಲೇ ಬಂತೆಂದು ಪ್ರತಿ ವರ್ಷ ವಾಟ್ಸಾಪಿನಲ್ಲಿ ಸಂದೇಶ ಸುತ್ತುತ್ತದೆ. ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಪ್ ಹಬ್ಬಿಸಿದ ಮಾತು ಅದು. ಆ ಇಂಗ್ಲಿಷ್ ಹೆಸರಿನ ಮೂಲ ಈಯೋಸ್ತ್ರೆ ಎಂಬ ಬೇರೊಬ್ಬ ದೇವಿ ಎಂದು ಎಂಟನೆಯ ಶತಮಾನದಲ್ಲೇ ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಪಾದ್ರಿಗೂ ನಮ್ಮ ಮೇಷ್ಟ್ರಿಗೂ ಭೇಟಿಯಾಗಿದ್ದರೆ ಇಬ್ಬರಿಗೂ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ.

ಇಷ್ಟಾರಳ ಹೆಸರು ಕನ್ನಡಕ್ಕೆ ಬಂದೇ ಇಲ್ಲವೆ ಎಂದರೆ, ಬಂದಿರುವ ಸಂಭವ ಬಲವಾಗಿದೆ, ಅದೂ ಸದ್ದಿಲ್ಲದೆ. ಕನ್ನಡ ಬೈಬಲಿನಲ್ಲಿ ‘ಎಸ್ತೇರಳು’ ಎಂಬ ಪುಸ್ತಕವಿದೆ. ಪರ್ಷಿಯಾದ ರಾಣಿಯಾದ ಯೆಹೂದಿ ಹುಡುಗಿಯ ಕಥೆ. ಆ ಹೆಸರಿನಲ್ಲಿ ಇಷ್ಟಾರಳನ್ನೂ, ಆ ಹುಡುಗಿಯನ್ನು ಸಾಕಿದ ಮೊರ್ದೆಕೈ ಹೆಸರಿನಲ್ಲಿ ಬ್ಯಾಬಿಲೋನಿನ ಮಾರ್ದುಕ್ ದೇವರನ್ನೂ ಕಾಣುವ ವಿದ್ವಾಂಸರು ಬಹಳ ಮಂದಿ. ಅಲ್ಲ, ಅದು ನಕ್ಷತ್ರವೆಂಬ ಅರ್ಥದ ಪರ್ಷಿಯನ್ ಪದ ಎನ್ನುವವರೂ ಇದ್ದಾರೆ. ಕನ್ನಡ ಓದುವವರಿಗೆ ಎಸ್ತರ್ ಎಂದರೆ ಮೊದಲು ನೆನಪಾಗುವುದು ಕಾದಂಬರಿಕಾರ ಯು.ಆರ್. ಅನಂತಮೂರ್ತಿಯವರ ಹೆಂಡತಿ. ಅವರಿಬ್ಬರ ಮದುವೆ ಆದದ್ದು 1956ರಲ್ಲಿ. ತೀರ್ಥಹಳ್ಳಿ ಸೀಮೆಯ ಬ್ರಾಹ್ಮಣರ ಮನೆಗೆ ಎಸ್ತರ್ ಎಂಬ ಸೊಸೆ ಬಂದಾಗ ಜಾತಿ, ಧರ್ಮದ ಮಾತು ಬಂದಿರಬಹುದು. ಬ್ಯಾಬಿಲೋನಿನ ಮಾತು ಬಂದಿರಲಾರದು.

ಇಷ್ಟಾರಳ ಹೆಸರಿಗೆ ಎಲ್ಲ ಕಡೆಯೂ ಇಂಥ ಗೌರವ ಸಿಕ್ಕಿಲ್ಲ. ಬ್ಯಾಬಿಲೋನಿನ ರಾಜ ಎರಡನೇ ನೆಬುಕದ್ನೆಜ್ಜರ್ ತನ್ನ ಊರಿಗೆ ಕಟ್ಟಿಸಿದ ನೀಲಿ ಇಟ್ಟಿಗೆಯ ಇಷ್ಟಾರ್ ಬಾಗಿಲನ್ನು ಜರ್ಮನರು ತುಣುಕು ತುಣುಕಾಗಿ ಬರ್ಲಿನ್ನಿಗೆ ಸಾಗಿಸಿ, ಪೆರ್ಗಮಾನ್ ಮ್ಯೂಸಿಯಮ್ಮಿನೊಳಗೆ ಮರುಜೋಡಿಸಿದರು. ಊರಿಲ್ಲದ ಊರಬಾಗಿಲು! 1987ರಲ್ಲಿ ಹಾಲಿವುಡ್ಡಿನವರು ಇಷ್ಟಾರ್ ಎಂಬ ಕಾಲ್ಪನಿಕ ದೇಶವನ್ನು ಸೃಷ್ಟಿಸಿ ಅದೇ ಹೆಸರಿನ ಸಿನಿಮಾ ಮಾಡಿದರು. ಡಸ್ಟಿನ್ ಹಾಫ್‌ಮನ್, ವಾರೆನ್ ಬೇಟಿ ಇದ್ದರೂ ಐದು ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದ ಆ ಚಿತ್ರ ಮಕಾಡೆ ಮಲಗಿತು. ನರಕದ ವಿಡಿಯೊ ಅಂಗಡಿಯಲ್ಲಿ ಸಿಗುವುದು ಇದೊಂದೇ ಸಿನಿಮಾ ಎಂದು ಗ್ಯಾರಿ ಲಾರ್ಸನ್ ವ್ಯಂಗ್ಯಚಿತ್ರ ಬರೆದರು. ಆಮೇಲೆ ವಿಮಾನದಲ್ಲಿ ಕುಳಿತು ಸಿನಿಮಾ ನೋಡಿ, ಚೆನ್ನಾಗಿಯೇ ಇದೆಯಲ್ಲ ಎಂದು ತಪ್ಪೊಪ್ಪಿಕೊಂಡರು. ಯುದ್ಧದ ದೇವಿಯನ್ನು ಕೆಣಕಿದವರು ಬೇಗ ಶರಣಾಗುವುದು ಕ್ಷೇಮ.

ನನಗೆ ಇದಕ್ಕಿಂತ ರುಚಿಸುವುದು ಅವಳ ಶುಕ್ರವಾರದ ವ್ಯವಹಾರ. ಇಷ್ಟಾರ್ ಎಂದರೆ ಆಕಾಶದ ಶುಕ್ರ. ಬೆಳಗ್ಗೆ ಮೂಡುವ ಬೆಳ್ಳಿ, ಸಂಜೆ ಪಡುವಣದಲ್ಲಿ ಹೊಳೆಯುವ ಚುಕ್ಕಿ, ಎರಡೂ ಅವಳೇ. ಅವಳ ಗ್ರಹ ಗ್ರೀಕರಲ್ಲಿ ಅಫ್ರೊಡೈಟಿಯ ಪಾಲಿಗೆ ಬಂತು, ರೋಮಿನಲ್ಲಿ ವೀನಸ್ ಆಯಿತು, ವಾರದ ಒಂದು ದಿನಕ್ಕೆ ಹೆಸರಾಯಿತು. ಗ್ರಹಗಳ ಹೆಸರಿನ ಏಳು ವಾರಗಳು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ನಮ್ಮಲ್ಲಿಗೂ ಬಂದವು. ಭಾರತದ ಶಾಸನಗಳಲ್ಲಿ ವಾರದ ಹೆಸರು ಮೊದಲು ಕಾಣುವುದು ಮಧ್ಯಪ್ರದೇಶದ ಏರಣ್‌ನಲ್ಲಿ, 484ರಲ್ಲಿ. ಅದು ಗುರುವಾರ. ಶುಕ್ರವಾರ ಒಂದು ದಿನ ತಡ ಎಂದಿಟ್ಟುಕೊಳ್ಳಿ.

ಇಲ್ಲಿಗೆ ಬಂದ ಮೇಲೆ ಗ್ರಹದ ಪಾತ್ರವೇ ಬದಲಾಯಿತು. ನಮ್ಮ ಶುಕ್ರ ಹೆಣ್ಣಲ್ಲ, ಅಸುರರ ಗುರು, ವಾಮನನ ಕೃಪೆಯಿಂದ ಒಕ್ಕಣ್ಣ. ಕ್ಯಾಲೆಂಡರಿನ ಚಿತ್ರದಲ್ಲಿ ಅವನಿಗೆ ಉದ್ದನೆಯ ಗಡ್ಡ. ಗಡ್ಡ ನೋಡಿ ಇಷ್ಟಾರ್ ಬೆಚ್ಚುವವಳಲ್ಲ. ನಿನೆವೆಯ ಇಷ್ಟಾರಳಿಗೆ ಗಡ್ಡವಿತ್ತೆಂದು ಅಸ್ಸೀರಿಯದ ಒಂದು ಸ್ತೋತ್ರವೇ ಹೇಳುತ್ತದೆ. ಗ್ರಹ ಗಂಡಾದರೂ ವಾರ ಮಾತ್ರ ನಮ್ಮ ಮನೆಗಳಲ್ಲಿ ಹೆಂಗಸರದೇ ಆಗಿ ಉಳಿಯಿತು. ಶುಕ್ರವಾರ ಲಕ್ಷ್ಮಿಯ ದಿನ, ಉಗುರು ಕತ್ತರಿಸಬಾರದು, ಯಾರಿಗೂ ದುಡ್ಡು ಕೊಡಬಾರದು. (ಇಎಂಐ ಶುಕ್ರವಾರ ಬಿದ್ದರೆ ಬ್ಯಾಂಕು ಈ ಶಾಸ್ತ್ರ ಕೇಳುವುದಿಲ್ಲ.) ಬನಶಂಕರಿ ಗುಡಿಯಲ್ಲಿ ಹತ್ತೂವರೆಯ ರಾಹುಕಾಲಕ್ಕೆ ನಿಂಬೆಹೋಳನ್ನು ಮಗುಚಿ ದೀಪ ಹಚ್ಚುವವರ ಸಾಲು. ಇದಕ್ಕೆಲ್ಲ ಇಷ್ಟಾರಳೇ ಕಾರಣ ಎಂದು ನಾನು ಹೊರಟರೆ ಮೇಷ್ಟ್ರ ಇಷ್ಟಾರ್ಥಕ್ಕೂ ನನ್ನ ವಾದಕ್ಕೂ ಅಂತರವಿರುವುದಿಲ್ಲ. ದೇವಿಯ ಗ್ರಹದ ಹೆಸರು ಹೊತ್ತು ಬಂದ ವಾರ ಇಲ್ಲಿಯೂ ದೇವಿಯ ಕೈಗೇ ಸೇರಿತು ಎಂದಷ್ಟೇ ನನ್ನ ಮಾತು.

ಶುಕ್ರನಿಗೆ ಮೌಢ್ಯ ಬಂದಾಗ, ಅಂದರೆ ಸೂರ್ಯನ ಹತ್ತಿರ ಸರಿದು ಕಾಣದಾದಾಗ, ಪಂಚಾಂಗದವರು ಮದುವೆಗೆ ಲಗ್ನ ಕೊಡುವುದಿಲ್ಲ. ಹೊಸಕೆರೆಹಳ್ಳಿಯ ಛತ್ರಗಳಲ್ಲಿ ಆಗ ಸೀರಿಯಲ್ ಸೆಟ್ಟಿಗೂ ರಜೆ, ಅಡುಗೆಭಟ್ಟರಿಗೂ ರಜೆ. ಬ್ಯಾಬಿಲೋನಿನವರು ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ, ಅಮ್ಮಿಸದುಕ ರಾಜನ ಕಾಲದಲ್ಲಿ, ಶುಕ್ರ ಮರೆಯಾಗುವುದನ್ನೂ ಮತ್ತೆ ಮೂಡುವುದನ್ನೂ ಇಪ್ಪತ್ತೊಂದು ವರ್ಷ ಗುರುತು ಹಾಕಿಟ್ಟರು. ಅವರ ಪುರಾಣವೊಂದರಲ್ಲಿ ಇಷ್ಟಾರ್ ಪಾತಾಳಕ್ಕೆ ಇಳಿಯುತ್ತಾಳೆ. ದಾರಿಯಲ್ಲಿ ಏಳು ಬಾಗಿಲು. ಒಂದೊಂದರಲ್ಲೂ ದ್ವಾರಪಾಲಕ ಒಂದೊಂದನ್ನು ಕಳಚಿಸುತ್ತಾನೆ: ಕಿರೀಟ, ಓಲೆ, ಕೊರಳ ಮಣಿಸರ, ಎದೆಯ ಪದಕ, ಡಾಬು, ಬಳೆ ಕಾಲಂದುಗೆ, ಕೊನೆಗೆ ಉಟ್ಟ ಬಟ್ಟೆ. ಓದುವಾಗ ವರಮಹಾಲಕ್ಷ್ಮಿ ಹಬ್ಬದ ಮರುದಿನ ಅಮ್ಮ ಕಲಶದ ಒಡವೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುವ ಹಾಗೇ ಕಾಣುತ್ತದೆ. ಇಷ್ಟಾರ್ ಕೆಳಗಿರುವಷ್ಟು ದಿನ ಭೂಮಿಯ ಮೇಲೆ ಗೂಳಿ ಹಸುವಿನ ಹತ್ತಿರ ಹೋಗುವುದಿಲ್ಲ, ಗಂಡು ಹೆಣ್ಣನ್ನು ಕೂಡುವುದಿಲ್ಲ. ದೇವತೆಗಳು ಗಾಬರಿಯಾಗಿ ಜೀವಜಲ ಚಿಮುಕಿಸಿ ಅವಳನ್ನು ಮೇಲಕ್ಕೆ ಕರೆಸಿಕೊಂಡರು. ನಮ್ಮ ಛತ್ರದವರಾದರೆ ಬುಕಿಂಗ್ ಪುಸ್ತಕ ತಿರುವುತ್ತಾ ಸುಮ್ಮನೆ ಕಾಯುತ್ತಾರೆ.

ಶುಕ್ರಗ್ರಹದ ನಕ್ಷೆಯಲ್ಲೂ ಅವಳಿದ್ದಾಳೆ. ಅಲ್ಲಿನ ಬೆಟ್ಟ, ಬಯಲುಗಳಿಗೆ ಹೆಣ್ಣುಗಳ ಹೆಸರಿಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪದ್ಧತಿ. ಉತ್ತರದಲ್ಲಿ ಹೆಚ್ಚುಕಡಿಮೆ ಆಸ್ಟ್ರೇಲಿಯದಷ್ಟು ದೊಡ್ಡ ಎತ್ತರದ ನೆಲವಿದೆ. ಅದರ ಹೆಸರು ಇಷ್ಟಾರ್ ಟೆರ್ರಾ. ಅದರ ಪಶ್ಚಿಮ ಭಾಗದಲ್ಲಿ, ಎರಡು ಸಾವಿರ ಕಿಲೋಮೀಟರಿಗೂ ಅಗಲದ ಪ್ರಸ್ಥಭೂಮಿಗೆ ಇಟ್ಟಿರುವ ಹೆಸರು ಲಕ್ಷ್ಮೀ! ಬಿಡಿಎ ಲಾಟರಿ ಎತ್ತದೆ ಇಷ್ಟಾರಮ್ಮನ ಬಡಾವಣೆಯಲ್ಲಿ ನಮ್ಮ ಲಕ್ಷ್ಮಿಗೆ ಸೈಟು ಮಂಜೂರಾಗಿದೆ. ಪೂರ್ವದ ಪಕ್ಕದಲ್ಲಿ ಹನ್ನೊಂದು ಕಿಲೋಮೀಟರ್ ಎತ್ತರದ ಮ್ಯಾಕ್ಸ್‌ವೆಲ್ ಪರ್ವತ. ವಿದ್ಯುತ್ಕಾಂತ ಸಿದ್ಧಾಂತದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲರದು ಆ ಗ್ರಹದಲ್ಲಿ ಉಳಿದಿರುವ ಒಂದೇ ಗಂಡು ಹೆಸರು. ನೆಲದ ಕಾವು ಸುಮಾರು 465 ಡಿಗ್ರಿ ಸೆಲ್ಸಿಯಸ್, ಆದ್ದರಿಂದ ಗೃಹಪ್ರವೇಶದ ಯೋಚನೆ ಬೇಡ.

ಆ ಗ್ರಹವನ್ನು ಸುತ್ತಿ ರಾಡಾರಿನಿಂದ ನೆಲ ನೋಡುವ ಇಸ್ರೊ ನೌಕೆಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ 1,236 ಕೋಟಿ ರೂಪಾಯಿ ಒಪ್ಪಿದೆ. ಉಡಾವಣೆಗೆ ಗೊತ್ತುಮಾಡಿರುವ ತಿಂಗಳು 2028ರ ಮಾರ್ಚ್. ಶುಕ್ರ ಎಂಟು ವರ್ಷಕ್ಕೊಮ್ಮೆ ಆಕಾಶದಲ್ಲಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುವ ಲೆಕ್ಕ ಬ್ಯಾಬಿಲೋನಿನವರಿಗೂ ಗೊತ್ತಿತ್ತು. 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಶುರುವಾದ ದಿನಗಳ ಸಂಜೆ, ತಾರಸಿ ಹತ್ತಿದವರಿಗೆಲ್ಲ ಪಶ್ಚಿಮದಲ್ಲಿ ಎತ್ತರಕ್ಕೆ ಹೊಳೆಯುತ್ತಿದ್ದದ್ದು ಶುಕ್ರನೇ. ಎಂಟು ಕೂಡಿಸಿದರೆ 2028. ಆ ತಿಂಗಳು ಮೌಢ್ಯದ ಅಡ್ಡಿಯಿಲ್ಲ, ಮುಹೂರ್ತ ಚೆನ್ನಾಗಿದೆ.