ಲಿಸ್ಟ್ ಸಾರ್ ಪರ ಒಂದು ವಕಾಲತ್ತು

ಪುಸ್ತಕ ಓದುವವರಿದ್ದಾರೆ, ಓದದವರಿದ್ದಾರೆ. ಇವರಿಬ್ಬರ ನಡುವೆ ಮೂರನೆಯ ಪಂಗಡವೊಂದಿದೆ, ಅವರೇ ಓದಲಿರುವವರು. ವಾಟ್ಸಾಪಿನ ಸಾಹಿತ್ಯ ಬಳಗ ಯಾವುದೇ ಇರಲಿ, ಅಲ್ಲಿ ಇಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ತಿಂಗಳ ಮೊದಲ ತಾರೀಖು ಬೆಳಗ್ಗೆ, ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ, 'ಈ ತಿಂಗಳ ನನ್ನ ಓದು' ಎಂಬ ಪಟ್ಟಿ ಬಂದು ಬಿದ್ದಿರುತ್ತದೆ. ಊರಿನ ವಾಡಿಕೆಯಂತೆ ಅವರನ್ನು ಲಿಸ್ಟ್ ಸಾರ್ ಎನ್ನೋಣ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲೂ ಈ ತಳಿ ಉಂಟು; ಆದರೆ ಅದು ಹುಲುಸಾಗಿ ಬೆಳೆದಿರುವುದು ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನಲ್ಲಿ. ಅದಕ್ಕೆ ಕಾರಣ ಅಲ್ಲಿನ ತಂಪು ಹವೆಯಲ್ಲ, ಪಂಚಾಂಗ. ಬೇರೆ ಊರಿನವರಿಗೆ ಶಪಥ ಮಾಡಲು ಸಿಗುವುದು ಒಂದು ಹೊಸ ವರ್ಷ, ಹೆಚ್ಚೆಂದರೆ ಎರಡು. ಹೊಸೂರಿನವರಿಗೆ ಮೂರು: ಜನವರಿ 1, ಕನ್ನಡದವರೂ ತೆಲುಗಿನವರೂ ಸೇರಿ ಮಾಡುವ ಯುಗಾದಿ, ಏಪ್ರಿಲ್ 14ರ ಹೊತ್ತಿಗೆ ಬರುವ ತಮಿಳರ ಚಿತ್ತಿರೈ. ಜನವರಿಯಲ್ಲಿ 52 ಪುಸ್ತಕ ಎಂದು ಸಾರಿದವರು ಪೊಂಗಲ್ ರಜೆ ಮುಗಿಯುವಷ್ಟರಲ್ಲಿ ಹಿಂದೆ ಬಿದ್ದರೆ ಕಂಗೆಡಬೇಕಾಗಿಲ್ಲ. ಯುಗಾದಿಗೆ ಬೇವು ಬೆಲ್ಲದ ಜೊತೆ ಅದೇ ಪಟ್ಟಿ 36 ಆಗಿ ಬರುತ್ತದೆ, ಚಿತ್ತಿರೈಗೆ 24 ಆಗುತ್ತದೆ. ಅಲ್ಲಿಗೂ ದಡ ಮುಟ್ಟದಿದ್ದರೆ ನವೆಂಬರ್ 1 ಇದ್ದೇ ಇದೆ. ಅದು ಹೊಸ ವರ್ಷವಲ್ಲ ನಿಜ. ಆದರೆ ಅಂಗಡಿಗಳ ರಾಜ್ಯೋತ್ಸವದ ರಿಯಾಯಿತಿ ಶುರುವಾಗುವ ದಿನ, ಆದ್ದರಿಂದ ಓದದೆ ಉಳಿದಿರುವ ಪುಸ್ತಕಗಳ ಮೇಲೆ ಇನ್ನಷ್ಟು ಪುಸ್ತಕಗಳನ್ನು ಪೇರಿಸಲು ಪ್ರಶಸ್ತ.

ಈ ಸ್ವಭಾವಕ್ಕೆ ಊರಿನ ಕಾರ್ಖಾನೆಗಳೂ ಕೊಂಚ ಹೊಣೆ. ಸಿಪ್‌ಕಾಟ್‌ನ ಕೈಗಾರಿಕಾ ಪ್ರದೇಶದ ಕಡೆ ದುಡಿಯುವವರಿಗೆ ಶಿಫ್ಟಿನ ಬೋರ್ಡು ಗೊತ್ತು: ಎಡಗಡೆ ಪ್ಲಾನ್, ಬಲಗಡೆ ಆಕ್ಚುಯಲ್. ಬಲಗಡೆಯ ಅಂಕಿ ಎಡಗಡೆಯದಕ್ಕಿಂತ ಕಡಿಮೆಯಾದರೆ ಕಾರಣ ಬರೆಯಬೇಕು. ಲಿಸ್ಟ್ ಸಾರ್ ಈ ಬೋರ್ಡಿನ ಎಡಗಡೆಯನ್ನು ಮಾತ್ರ ಮನೆಗೆ ತಂದಿದ್ದಾರೆ. ಬಲಗಡೆಗೆ ಬರೆಯಬೇಕಾದ ಕಾರಣವಂತೂ ಸದಾ ಒಂದೇ, ಟೈಮ್ ಇಲ್ಲ. ದೇಶಕ್ಕೆಲ್ಲ ಟೈಟಾನ್ ಕೈಗಡಿಯಾರ ಮಾಡಿಕೊಟ್ಟ ಊರಿನಲ್ಲಿ ಈ ಮಾತು ಇಷ್ಟು ಸಲ ಕೇಳಿಬರುವುದು ಸೋಜಿಗವೇ. ಪಟ್ಟಿಯ ಜೊತೆಗೆ ಫೋಟೋ ಕಡ್ಡಾಯ. ಟೀಪಾಯಿಯ ಮೇಲೆ ಏಳು ಪುಸ್ತಕ, ಬೆನ್ನಿನ ಅಕ್ಷರಗಳು ಕ್ಯಾಮೆರಾ ಕಡೆಗೆ, ದಪ್ಪನೆಯದು ಬುಡದಲ್ಲಿ, ತೆಳ್ಳನೆಯದು ತುದಿಯಲ್ಲಿ, ಪಕ್ಕದಲ್ಲಿ ಹಿತ್ತಾಳೆಯ ಡಬರಾದಲ್ಲಿ ಕಾಫಿ. ಸೂಕ್ಷ್ಮವಾಗಿ ನೋಡುವವರಿಗೆ ಇನ್ನೆರಡು ಸಂಗತಿ ಕಾಣುತ್ತವೆ. ಬುಡದ ಪುಸ್ತಕದಿಂದ ಅತ್ತಿಬೆಲೆ ಬಸ್ಸಿನ ಟಿಕೆಟೊಂದು ಇಣುಕುತ್ತಿರುತ್ತದೆ, ಹೋದ ವರ್ಷದ ಫೋಟೋದಲ್ಲಿ ಇಣುಕಿದ ಜಾಗದಿಂದಲೇ. ಮತ್ತೆ ಆ ಕಾಫಿಗೆ ಕೆನೆ ಕಟ್ಟಿರುತ್ತದೆ. ಏಳು ಪುಸ್ತಕ ಜೋಡಿಸಿ, ಬೆಳಕು ನೋಡಿ, ಮೂರು ಸಲ ಕ್ಲಿಕ್ಕಿಸುವಷ್ಟರಲ್ಲಿ ಯಾವ ಕಾಫಿ ತಾನೇ ಬಿಸಿಯಾಗಿರುತ್ತದೆ?

ಪಟ್ಟಿಯೊಳಗಿನ ಪುಸ್ತಕಗಳಿಗೂ ಒಂದು ಶಾಸ್ತ್ರವಿದೆ. ಬುಡದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', 1967ರದು, ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋಯುವ ಗಾತ್ರ. ಓದುಗನಿಗೆ ಅವಸರ ಬೇಡವೆಂದು ಆ ಕಾದಂಬರಿ ಹೊಸ್ತಿಲಲ್ಲೇ ಸೂಚಿಸುತ್ತದೆ. ಲಿಸ್ಟ್ ಸಾರ್ ಆ ಒಂದು ಸೂಚನೆಯನ್ನು ಅಕ್ಷರಶಃ ಪಾಲಿಸಿಕೊಂಡು ಬಂದಿದ್ದಾರೆ. ಅದರ ಮೇಲೆ 'ಪರ್ವ', ಮುಂದೆ 'ಮರುಓದು' ಎಂಬ ಒಕ್ಕಣೆ. ಮೊದಲ ಓದು ಯಾವಾಗ ಆಯಿತೆಂದು ಕೇಳುವಷ್ಟು ಒರಟರು ಬಳಗದಲ್ಲಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ 'ಎದೆಯ ಹಣತೆ' ಸೇರಿತು. ಪ್ರಶಸ್ತಿ ಬಂದ ಇಂಗ್ಲಿಷ್ ಸಂಕಲನದಲ್ಲಿ 12 ಕತೆ, ವರ್ಷಕ್ಕೆ 12 ತಿಂಗಳು. ಯೋಜನೆ ಹಾಕುವವರಿಗೆ ಇದಕ್ಕಿಂತ ಅನುಕೂಲದ ಪುಸ್ತಕ ಸಿಗಲಾರದು. ತುದಿಯಲ್ಲಿ 'ನಮ್ಮೂರಿನವರು' ಎಂಬ ಕೋಟಾ. ಮಾಲೂರು ತಾಲ್ಲೂಕಿನ ಗಡಿ ಹೊಸೂರಿಗೆ ತಗುಲುವುದರಿಂದ ಮಾಸ್ತಿ ನಮ್ಮವರು. ಮನೆಮಾತು ತಮಿಳಾಗಿದ್ದು 1983ರಲ್ಲಿ ಕನ್ನಡಕ್ಕೆ ಜ್ಞಾನಪೀಠ ತಂದ ಅವರು ಹೊಸೂರಿನ ಕುಲದೇವರಾಗಲು ಎಲ್ಲ ವಿಧದಲ್ಲೂ ಅರ್ಹರು. ಇನ್ನು ರಾಜಾಜಿಯವರು ಹುಟ್ಟಿದ್ದೇ ಪಕ್ಕದ ತೊರಪಳ್ಳಿಯಲ್ಲಿ, 1878ರಲ್ಲಿ. ಹೊಸೂರಿನ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು. ಅವರ ಮಹಾಭಾರತವನ್ನು ಮೂಲ ತಮಿಳಿನಲ್ಲಿ ಓದಬೇಕೋ, ಇಂಗ್ಲಿಷಿನಲ್ಲೋ, ಕನ್ನಡ ಅನುವಾದದಲ್ಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಂದೇ ಪುಸ್ತಕವನ್ನು ಮೂರು ಭಾಷೆಯಲ್ಲಿ ಓದದೆ ಇರುವ ಭಾಗ್ಯ ಎಲ್ಲ ಊರಿನವರಿಗೂ ಸಿಗುವುದಿಲ್ಲ.

ಇಷ್ಟು ಕೇಳಿದವರು ಮೊದಲು ಹೊರಿಸುವ ಆರೋಪ, ಈ ಮನುಷ್ಯ ಸುಳ್ಳುಗಾರ ಎಂಬುದು. ನಾನು ಒಪ್ಪುವುದಿಲ್ಲ. ತಪ್ಪು ಅವರದಲ್ಲ, ವ್ಯಾಕರಣದ್ದು. ಆಡುಗನ್ನಡದಲ್ಲಿ 'ಓದ್ತೀನಿ' ಎಂಬ ಒಂದೇ ಪದ ಎರಡು ಸಂಸಾರ ತೂಗಿಸುತ್ತದೆ. 'ದಿನಾ ಪೇಪರ್ ಓದ್ತೀನಿ' ಎಂದರೆ ಓದುವ ರೂಢಿಯುಂಟು ಎಂದರ್ಥ. 'ನಾಳೆ ಓದ್ತೀನಿ' ಎಂದರೆ ಇನ್ನೂ ಓದಿಲ್ಲ ಎಂದರ್ಥ. ಹೀಗಿರುವಾಗ ಲಿಸ್ಟ್ ಸಾರ್ 'ಕುವೆಂಪು ಓದ್ತೀನಿ ಸಾರ್' ಎಂದರೆ, ಕೇಳಿದವರು ಅದನ್ನು ರೂಢಿ ಎಂದು ತಿಳಿದರೆ ಹೇಳಿದವರೇನು ಮಾಡಲಾದೀತು? ತಮಿಳಿನಲ್ಲಿ ಈ ಸವಲತ್ತು ಇಷ್ಟು ಸಲೀಸಲ್ಲ. ಅಲ್ಲಿ ಓದುತ್ತಿದ್ದರೆ 'ಪಡಿಕ್ಕಿರೇನ್', ಓದುವವರಿದ್ದರೆ 'ಪಡಿಪ್ಪೇನ್'. ಎರಡಕ್ಕೂ ಬೇರೆ ಬೇರೆ ಬಾಗಿಲು, ನಡುವೆ ನುಸುಳಲು ಸಂದು ಕಡಿಮೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು ಆಡುವ ಊರಿನಲ್ಲಿ ಮನುಷ್ಯ ತನ್ನ ಓದಿನ ಯೋಜನೆಯನ್ನು ಕನ್ನಡದಲ್ಲೇ ಏಕೆ ಹೇಳುತ್ತಾನೆ ಎಂಬುದಕ್ಕೆ ಭಾಷಾಭಿಮಾನದ ಜೊತೆ ಈ ಕಾರಣವೂ ಇರಬಹುದು.

ಅದಿರಲಿ, ನನ್ನ ಮುಖ್ಯ ವಾದ ಬೇರೆ. ಲಿಸ್ಟ್ ಸಾರ್ ನಿರಪರಾಧಿ ಎಂದಷ್ಟೇ ನಾನು ಹೇಳುತ್ತಿಲ್ಲ, ಉಪಯುಕ್ತ ಎನ್ನುತ್ತಿದ್ದೇನೆ. ಹೊಸೂರಿನಂಥ ಊರಿನಲ್ಲಿ, ಸದ್ದಿಲ್ಲದೆ ಓದುವವರಿಗಿಂತಲೂ ಉಪಯುಕ್ತ. ಪುಸ್ತಕ ನಾಲ್ಕು ಜನರ ಕಣ್ಣಿಗೆ ಬೀಳಬೇಕಾದರೆ ಅದಕ್ಕೊಂದು ಅಂಗಡಿಯ ಮುಂಗಟ್ಟು ಬೇಕು. ಬೆಂಗಳೂರಿನ ಗಾಂಧಿಬಜಾರಿನಲ್ಲಿ ತರಕಾರಿಗೆ ಹೋದವನು ಕೂಡ ಗಾಜಿನ ಹಿಂದಿನ ಹೊಸ ರಕ್ಷಾಪುಟಗಳನ್ನು ನೋಡಿಕೊಂಡು ಬರುತ್ತಾನೆ. ಹೊಸೂರಿನಿಂದ ಆ ಗಾಜಿಗೆ 40 ಕಿಲೋಮೀಟರ್, ನಡುವೆ ಒಂದು ರಾಜ್ಯದ ಗಡಿ. ಊರಿನ ಬೋರ್ಡುಗಳು ತಮಿಳು, ಬಸ್ಸಿನ ಹಣೆಬರಹ ತಮಿಳು. 2006ರ ಕಾಯ್ದೆ ಬಂದ ಮೇಲೆ 1ನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ತಳಿ, ದೇನ್ಕಣಿಕೋಟೆ, ಕೆಲಮಂಗಲದ ಕಡೆ ಅಜ್ಜಿಯ ಜೊತೆ ಕನ್ನಡದಲ್ಲಿ ಜಗಳವಾಡುವ ಎಷ್ಟೋ ಹುಡುಗರಿಗೆ ಕನ್ನಡದ ಅಕ್ಷರ ಕೂಡಿಸಿ ಓದುವುದೆಂದರೆ ಒಂದು ಕಸರತ್ತು. ಬಳಗದಲ್ಲಿ ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಇಂಥ ಕಡೆ ತಿಂಗಳಿಗೊಮ್ಮೆ ಏಳು ಪುಸ್ತಕಗಳ ಹೆಸರನ್ನು, ಏಳು ಲೇಖಕರ ಹೆಸರನ್ನು, ಒತ್ತಕ್ಷರ ತಪ್ಪದೆ, ಕನ್ನಡ ಲಿಪಿಯಲ್ಲಿ ಟೈಪು ಮಾಡಿ ಹಾಕುವ ಮನುಷ್ಯನನ್ನು ಗೇಲಿ ಮಾಡುವ ಮುಂಚೆ ಒಂದು ನಿಮಿಷ ಯೋಚಿಸಬೇಕು. ಅವರು ಪಟ್ಟಿಯಲ್ಲಿನ ಪುಸ್ತಕ ಓದುವುದಿಲ್ಲ, ನಿಜ. ಆದರೆ ಆ ಪಟ್ಟಿಯನ್ನು ಎಲ್ಲರೂ ಓದುತ್ತಾರೆ. ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಲಿಸ್ಟ್ ಸಾರ್ ಹೊರುವುದು ಹೆಸರುಗಳನ್ನು ಮಾತ್ರ. ಭಾರ ಕಡಿಮೆ, ಕಮಿಷನ್ನೂ ಇಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಯೋಜನೆ ಹೇಳಿಕೊಳ್ಳಲಿ, ಓದದ ಪುಸ್ತಕದ ಮೇಲೆ ಅಭಿಪ್ರಾಯವನ್ನೂ ಏಕೆ ಹೇಳಬೇಕು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಬೇಕಾದರೆ ಆ ಅಭಿಪ್ರಾಯಗಳನ್ನು ತುಸು ಹತ್ತಿರದಿಂದ ನೋಡಬೇಕು. ಲಿಸ್ಟ್ ಸಾರ್ ಬಳಸುವ ಮಾತುಗಳು ನಾಲ್ಕೇ. 'ಸಂಗ್ರಹಯೋಗ್ಯ' ಎನ್ನುತ್ತಾರೆ: ಕೊಂಡು ಇಟ್ಟುಕೊಳ್ಳಬಹುದು ಎಂದಷ್ಟೇ ಅದರ ಅರ್ಥ, ಅದನ್ನು ಅವರು ಸ್ವತಃ ಮಾಡಿ ತೋರಿಸಿದ್ದಾರೆ. 'ಕಾಡುವ ಪುಸ್ತಕ' ಎನ್ನುತ್ತಾರೆ: ಓದಿ ಮುಗಿಸಿದ ಪುಸ್ತಕ ಕಾಡುವುದು ಒಂದು ವಾರ, ಓದದೆ ಟೀಪಾಯಿಯ ಮೇಲೆ ಕೂತದ್ದು ಕಾಡುವುದು ವರ್ಷಗಟ್ಟಲೆ. 'ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಾದ ಕೃತಿ' ಎನ್ನುತ್ತಾರೆ: ಅವರೂ ಕನ್ನಡಿಗರೇ, ಅವರೂ ಓದಬೇಕಾಗಿದೆ. ಮೂರೂ ಅಪ್ಪಟ ಸತ್ಯ. ನಾಲ್ಕನೆಯದು 'ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ'. ಇದನ್ನು ಸಮರ್ಥಿಸುವುದು ಕಷ್ಟ. ಆದರೆ ಈ ನಾಲ್ಕು ಮಾತುಗಳನ್ನು ಅವರು ಹುಟ್ಟಿಸಲಿಲ್ಲ. ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ, ಬೆನ್ನುಡಿಗಳಲ್ಲಿ, ಸ್ನೇಹಿತರ ಪುಸ್ತಕಕ್ಕೆ ಸ್ನೇಹಿತರು ಬರೆಯುವ ವಿಮರ್ಶೆಗಳಲ್ಲಿ ಇವು ಮೊದಲೇ ಸಿದ್ಧವಾಗಿ ಬಿದ್ದಿದ್ದವು. ಓದಿದವರೂ ಅದನ್ನೇ ಹೇಳುವುದಾದರೆ, ಓದದವರು ಹೇಳಿದ್ದರಿಂದ ಓದುಗನಿಗಾದ ನಷ್ಟವೇನು? ಇದು ಕನ್ನಡದ ಕಾಯಿಲೆ ಮಾತ್ರವೂ ಅಲ್ಲ. ಕೊಂಡ ಪುಸ್ತಕವನ್ನು ಓದದೆ ಪೇರಿಸಿಡುವುದಕ್ಕೆ ಜಪಾನಿನವರಲ್ಲಿ 'ತ್ಸುಂದೊಕು' ಎಂಬ ಪದವೇ ಇದೆ. ಫ್ರಾನ್ಸಿನಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾದ ಪಿಯೆರ್ ಬಯಾರ್ ಅವರು ಓದದ ಪುಸ್ತಕಗಳ ಬಗ್ಗೆ ಮಾತಾಡುವುದು ಹೇಗೆ ಎಂದು 2007ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದು ಲಿಸ್ಟ್ ಸಾರ್ ಅವರ ಈ ವರ್ಷದ ಪಟ್ಟಿಯಲ್ಲಿದೆ. ಇನ್ನೂ ಶುರು ಮಾಡಿಲ್ಲ, ಆದರೆ ಸಂಗ್ರಹಯೋಗ್ಯ ಎಂದು ಕೇಳಿಬಂದಿದೆ.

ಒಂದು ಅಪರಾಧದಲ್ಲಿ ಮಾತ್ರ ಅವರ ಪರ ನಿಲ್ಲಲಾರೆ, ಅದು ಎರವಲು. ಕೊಂಡ ಪುಸ್ತಕ ಓದದಿದ್ದರೆ ಅವರ ದುಡ್ಡು, ಅವರ ಧೂಳು. ಕೇಳಿ ತಂದ ಪುಸ್ತಕದ ಕತೆ ಹಾಗಲ್ಲ. 'ಅಣ್ಣಾ, ಆ ಪುಸ್ತಕ ಆಯ್ತಾ?' ಎಂದು ಕೊಟ್ಟವರು ಮೂರು ತಿಂಗಳಿಗೆ ಮೆಲ್ಲನೆ ಕೇಳಿದರೆ, 'ಆಗ್ತಾ ಬಂತು ತಮ್ಮಾ, ನಿಧಾನಕ್ಕೆ ಸವೀತಾ ಇದೀನಿ' ಎಂಬ ಉತ್ತರ ಬರುತ್ತದೆ. ಆಮೇಲೆ ಕೇಳಲು ಕೊಟ್ಟವರಿಗೇ ನಾಚಿಕೆ. ಆ ಪುಸ್ತಕ ಮುಂದಿನ ವರ್ಷದ ಫೋಟೋದಲ್ಲಿ ಕಾಣಿಸಿಕೊಳ್ಳುತ್ತದೆ, ಒಳಪುಟದಲ್ಲಿ ಕೊಟ್ಟವರ ಹೆಸರು ಇನ್ನೂ ಇದ್ದ ಹಾಗೆಯೇ.

ಉಳಿದದ್ದು ಮೂರನೆಯ ಆಕ್ಷೇಪಣೆ: ಇವರ ಗದ್ದಲದಲ್ಲಿ ನಿಜವಾದ ಓದುಗರು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದು. ಇದು ತಲೆಕೆಳಗಾದ ಲೆಕ್ಕ. ನಿಜವಾದ ಓದುಗರು ಎಂದೂ ಬಾಯಿ ತೆರೆದವರಲ್ಲ, ಓದುವಾಗ ಬಾಯಿಗೆ ಕೆಲಸವೂ ಇಲ್ಲ. ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರು ತಮಿಳುನಾಡಿನವರೇ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಸೂತ್ರಗಳನ್ನು ಅವರು 1931ರಷ್ಟು ಹಿಂದೆಯೇ ಬರೆದಿಟ್ಟರು. 1948ರಲ್ಲಿ ಮದ್ರಾಸು ಗ್ರಂಥಾಲಯ ಕಾಯ್ದೆ ಬಂದು, ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿಕೊಂಡಿತು. ಅಂದರೆ ಪುಸ್ತಕ ಮುಟ್ಟದವರೂ ಮುಟ್ಟುವವರಿಗಾಗಿ ಕಟ್ಟಬೇಕು ಎಂಬುದು ಇಲ್ಲಿನ ಹಳೆಯ ಏರ್ಪಾಡು. ಲಿಸ್ಟ್ ಸಾರ್ ಆ ಕರವನ್ನು ತಿಂಗಳಿಗೊಮ್ಮೆ ಪಟ್ಟಿಯ ರೂಪದಲ್ಲಿ ಕಟ್ಟುತ್ತಿದ್ದಾರೆ ಎಂದುಕೊಂಡರಾಯಿತು. ಅದರ ಫಲ ಯಾರಿಗೆ ದಕ್ಕುತ್ತದೆ ಎಂಬುದು ಕಾಣುವುದು ತಡವಾಗಿ. ಬಳಗದಲ್ಲಿ ಹೆಸರಿಗಷ್ಟೇ ಇರುವ, ಹಬ್ಬಕ್ಕೂ ಒಂದು ಶುಭಾಶಯ ಹಾಕದ ಯಾರೋ ಒಬ್ಬರು ಇರುತ್ತಾರೆ: ರಾತ್ರಿಪಾಳಿಯ ಫಿಟ್ಟರು, ಬಾಗಲೂರಿನ ಗುಲಾಬಿ ಶೆಡ್ಡಿನ ಲೆಕ್ಕ ಬರೆಯುವ ಹೆಂಗಸು, ರಿಟೈರಾದ ಕನ್ನಡ ಮೇಷ್ಟ್ರು. ಮೂರು ವರ್ಷ ಒಂದೇ ಹೆಸರು ಕಣ್ಣಿಗೆ ಬಿದ್ದ ಮೇಲೆ, ಇಷ್ಟು ಹೇಳುತ್ತಾರಲ್ಲ, ಏನಿದೆ ನೋಡೇಬಿಡೋಣ ಎಂದು ಬೆಂಗಳೂರಿಗೆ ಹೋದಾಗ ಆ ದಪ್ಪ ಪುಸ್ತಕವನ್ನು ತರುತ್ತಾರೆ. ಎರಡು ತಿಂಗಳು ಸುದ್ದಿಯಿಲ್ಲ. ಒಂದು ರಾತ್ರಿ ಹನ್ನೊಂದಕ್ಕೆ ಬಳಗದಲ್ಲಿ ಅವರ ಮೊದಲ ಸಾಲು ಮೂಡುತ್ತದೆ: 'ಸಾರ್, ಮಲೆಗಳಲ್ಲಿ ಮದುಮಗಳು ಮುಗೀತು. ಹುಲಿಯನಿಗೆ ಹಾಗಾಗಬಾರದಿತ್ತು, ಅಲ್ವಾ?'

ಹುಲಿಯ ಎಂದರೆ ಆ ಕಾದಂಬರಿಯಲ್ಲಿ ಗುತ್ತಿಯ ಬೆನ್ನು ಬಿಡದ ನಾಯಿ. ಲಿಸ್ಟ್ ಸಾರ್ ಆನ್‌ಲೈನಿನಲ್ಲೇ ಇರುತ್ತಾರೆ. ಟೈಪು ಮಾಡುತ್ತಿದ್ದಾರೆ ಎಂದು ಎರಡು ನಿಮಿಷ ತೋರಿಸುತ್ತದೆ, ನಿಲ್ಲುತ್ತದೆ, ಮತ್ತೆ ತೋರಿಸುತ್ತದೆ. ಕೊನೆಗೆ ಉತ್ತರ ಬರುತ್ತದೆ: 'ನಿಜ ಸಾರ್. ಆಗೆಲ್ಲ ಬೇಟೆ ಜಾಸ್ತಿ ಇತ್ತಲ್ಲ. ಹುಲಿ ಉಳಿಸಬೇಕು ಅಂತ ಸರ್ಕಾರಕ್ಕೆ ಹೊಳೆದಿದ್ದು 1973ರಲ್ಲಿ, ಕುವೆಂಪು ಅವರಿಗೆ 1967ರಲ್ಲೇ ಹೊಳೆದಿತ್ತು ನೋಡಿ.'

ಆ ಕಡೆಯಿಂದ ಬಹಳ ಹೊತ್ತಿನ ಮೇಲೆ ಕೈಮುಗಿದ ಚಿತ್ರವೊಂದು ಬರುತ್ತದೆ.